ಪಾಂಡವಪುರ ಕಡೆ ಹಳ್ಳಿ ಮನೆಯಿಂದ ಅಮೆರಿಕ ಕ್ಲೈಂಟ್ ಕೆಲಸ: ಮೊದಲು ಯಾವುದನ್ನ ಸರಿ ಮಾಡ್ಕೋಬೇಕು?

ವಿಸಿ_ನಾಲೆ_ಏರಿ:

ಎಲ್ಲರಿಗೂ ನಮಸ್ಕಾರ. ಮನೆ ಪಾಂಡವಪುರ ತಾಲ್ಲೂಕಿನ ಹಳ್ಳೀಲಿ, ಕಂಪನಿ ಬೆಂಗಳೂರಿನದು, ಕ್ಲೈಂಟ್ ಅಮೆರಿಕದ ಪೂರ್ವ ಕರಾವಳಿಯೋರು. ಪೂರ್ತಿ ವರ್ಕ್ ಫ್ರಂ ಹೋಮ್, ಕೋಡಿಂಗ್ ಕೆಲಸ. ಸುತ್ತಿಬಳಸದೆ ವಿಷಯಕ್ಕೆ ಬರ್ತೀನಿ.

ಕರೆಂಟು: 900 ವಿಎ ಸೈನ್ ವೇವ್ ಇನ್ವರ್ಟರ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದು. ಲೋಡು ಲ್ಯಾಪ್‌ಟಾಪ್, ಮಾನಿಟರ್, ಫ್ಯಾನು, ಟ್ಯೂಬ್‌ಲೈಟು, ರೂಟರ್ ಅಷ್ಟೇ. ಆದ್ರೂ ಎರಡು ಗಂಟೆಗೆಲ್ಲ ಬೀಪ್ ಹೊಡ್ಕೊಳ್ಳೋಕೆ ಶುರು ಮಾಡುತ್ತೆ. ಇನ್ನೊಂದು ತಮಾಷೆ ಅಂದ್ರೆ, ಎದುರುಮನೇಲಿ ಲೈಟು ಉರೀತಾ ಇರುತ್ತೆ, ನಮ್ಮ ಇನ್ವರ್ಟರ್ ಮಾತ್ರ ಬ್ಯಾಟರಿ ಮೇಲೆ ಓಡ್ತಾ ಇರುತ್ತೆ. ಸಂಜೆ ಹೊತ್ತು ಇದು ಜಾಸ್ತಿ.

ನೆಟ್ಟು: ಊರಿನ ಕೇಬಲ್‌ನವರ ಫೈಬರ್. ನಮ್ಮ ರೂಟರ್‌ಗೆ ಇನ್ವರ್ಟರ್ ಇದ್ರೂ ಊರಲ್ಲಿ ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಿಗೆ ನೆಟ್ಟೂ ಹೋಗುತ್ತೆ.

ಹೊತ್ತು: ಬೆಳಿಗ್ಗೆ 10:30ಕ್ಕೆ ಬೆಂಗಳೂರು ಟೀಮಿನ ಕಾಲ್, ಸಂಜೆ 6:30ರಿಂದ ಕ್ಲೈಂಟ್, ಮುಗಿಯೋದು ರಾತ್ರಿ 11. ನಡುವೆ ಪೂರ್ತಿ ಕೆಲಸಾನೂ ಅಲ್ಲ, ಬಿಡುವೂ ಅಲ್ಲ. "ಹೆಂಗೂ ಮನೇಲೇ ಇದ್ದೀಯಲ್ಲ" ಅಂತ ಬ್ಯಾಂಕು, ನಾಡಕಚೇರಿ, ಗೊಬ್ಬರದಂಗಡಿ ಎಲ್ಲಾ ನನ್ನ ತಲೆಗೇ. ಬೆಳಿಗ್ಗೆ ಡೈರಿಗೆ ಹಾಲು ಹಾಕೋದೂ ನಾನೇ.

ಕತ್ತು: ಊಟದ ಟೇಬಲ್ಲು, ಮರದ ಕುರ್ಚಿ. ಬಲಗಡೆ ಹೆಗಲು ಹಿಡ್ಕೊಂಡಿರುತ್ತೆ.

ಆ್ಯಪ್ ಹಾಕ್ಕೊ, ಟೈಮರ್ ಇಟ್ಕೊ, ಬೆಳಿಗ್ಗೆ ಧ್ಯಾನ ಮಾಡು ಅನ್ನೋ ಸಲಹೆ ಬೇಕಾದಷ್ಟು ಸಿಕ್ಕಿದೆ. ಇದರಲ್ಲಿ ಯಾವುದನ್ನ ಮೊದಲು ಹಿಡೀಬೇಕು, ಹೆಂಗೆ ಅನ್ನೋದು ಗೊತ್ತಿರೋರು ಹೇಳಿ.

ಟ್ಯೂಬುಲರ್_ನಂಜುಮಳಿಗೆ:

ಕರೆಂಟಿಂದಲೇ ಶುರು ಮಾಡಿ ಸರ್. ಯಾವಾಗ ಕೈಕೊಡುತ್ತೋ ಅಂತ ಒಂದು ಕಣ್ಣು ಇನ್ವರ್ಟರ್ ಮೇಲೇ ಇದ್ರೆ ಬೇರೆ ಯಾವ ಟೈಮ್‌ಟೇಬಲ್ಲೂ ನಿಲ್ಲಲ್ಲ.

ಮೊದಲು ಲೆಕ್ಕ. ಲ್ಯಾಪ್‌ಟಾಪ್ 60 ವ್ಯಾಟ್, ಮಾನಿಟರ್ 25, ಮಾಮೂಲಿ ಫ್ಯಾನ್ 75, ಲೈಟ್ 20, ರೂಟರ್ 12. ಒಟ್ಟು 190ರ ಆಸುಪಾಸು. ಇನ್ವರ್ಟರ್ ತಿನ್ನೋದನ್ನೂ ಸೇರಿಸಿದ್ರೆ ಬ್ಯಾಟರಿಯಿಂದ ಸುಮಾರು 20 ಆಂಪಿಯರ್ ಎಳೆಯುತ್ತೆ. 150 ಎಎಚ್‌ನಲ್ಲಿ ನಿಜವಾಗಿ ಬಳಸೋಕಾಗೋದು ನೂರಿಪ್ಪತ್ತು ಅಂತಿಟ್ಕೊಳ್ಳಿ. ಗಟ್ಟಿಯಾಗಿರೋ ಬ್ಯಾಟರಿ ಆದ್ರೆ ಐದು ಗಂಟೆ ಧಾರಾಳವಾಗಿ ಬರಬೇಕು. ಎರಡೇ ಗಂಟೆ ಅಂದ್ರೆ ಬ್ಯಾಟರಿ ಸೋತಿದೆ, ಇಲ್ಲಾ ಪೂರ್ತಿ ತುಂಬ್ತಾನೇ ಇಲ್ಲ. ನಿಮ್ಮ ವಿವರಣೆ ನೋಡಿದ್ರೆ ಎರಡನೆಯದೇ ಅನ್ಸುತ್ತೆ, ಕಾರಣ ನಿಮ್ಮ ಎದುರುಮನೆ ಲೈಟು.

ಇನ್ವರ್ಟರ್ ಹಿಂದೆ ಅಥವಾ ಪಕ್ಕದಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇಕೋ, ನಾರ್ಮಲ್ ಅಥವಾ ವೈಡ್ ಅಂತ ಬರೆದಿರ್ತಾರೆ. ಯುಪಿಎಸ್ ಕಡೆ ಇಟ್ಟಿದ್ರೆ ಲೈನಿನ ವೋಲ್ಟೇಜು ಸುಮಾರು 180ಕ್ಕಿಂತ ಕೆಳಗೆ ಬಂದ ತಕ್ಷಣ ಅದು "ಕರೆಂಟ್ ಇಲ್ಲ" ಅಂತಲೇ ತಿಳ್ಕೊಂಡು ಬ್ಯಾಟರಿಗೆ ಹಾರುತ್ತೆ. ಸಂಜೆ ಇಡೀ ಊರು ಲೈಟು, ಟಿವಿ, ಮೋಟರ್ ಹಾಕಿದಾಗ 170ಕ್ಕೆ ಇಳಿಯೋದು ಮಾಮೂಲು. ಬಲ್ಬು ಮಂಕಾಗಿ ಉರೀತಾನೇ ಇರುತ್ತೆ, ನಿಮ್ಮ ಬ್ಯಾಟರಿ ಒಳಗೊಳಗೇ ಖಾಲಿಯಾಗ್ತಾ ಇರುತ್ತೆ. ಆಮೇಲೆ ನಿಜವಾಗಿ ಕರೆಂಟ್ ಹೋದಾಗ ಅದರಲ್ಲಿ ಅರ್ಧಾನೂ ಇರಲ್ಲ. ದಿನಾ ಹೀಗೇ ಆದ್ರೆ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿ ಒಳ್ಳೆ ಬ್ಯಾಟರೀನೂ ಬೇಗ ಕೂರುತ್ತೆ.

ಸ್ವಿಚ್ಚನ್ನ ವೈಡ್ ಕಡೆಗೆ ತಿರುಗಿಸಿ. ಆಗ ಸುಮಾರು 100ರಿಂದ 290 ವೋಲ್ಟ್ ತನಕ ಲೈನಿನ ಮೇಲೇ ಇರುತ್ತೆ. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ ಓದಿ ನೋಡಿ, 100–240 ಅಂತಿರುತ್ತೆ, ಅದಕ್ಕೇನೂ ಆಗಲ್ಲ. ಫ್ಯಾನ್ ನಿಧಾನ ಆಗುತ್ತೆ, ಅಷ್ಟೇ. ಫ್ರಿಜ್ಜನ್ನ ಮಾತ್ರ ಇನ್ವರ್ಟರ್ ಲೈನಿಗೆ ಕೊಟ್ಟಿದ್ರೆ ಇವತ್ತೇ ತೆಗೀರಿ, ಅದಕ್ಕೆ ಬೇರೆ ಸ್ಟೆಬಿಲೈಜರ್ ಬೇಕು.

ವೈಡ್‌ನಲ್ಲಿ ಒಂದು ತೊಂದರೆ ಇದೆ: ಕರೆಂಟ್ ಹೋದಾಗ ಬ್ಯಾಟರಿಗೆ ಬರೋ ಹೊತ್ತು ಕಣ್ಣುಮಿಟುಕಿಸುವಷ್ಟು ಹೆಚ್ಚಾಗುತ್ತೆ. ಲ್ಯಾಪ್‌ಟಾಪಿಗೆ ಸ್ವಂತ ಬ್ಯಾಟರಿ ಇದೆ, ಗೊತ್ತೇ ಆಗಲ್ಲ. ರೂಟರ್ ರೀಸ್ಟಾರ್ಟ್ ಆಗಬಹುದು, ಮತ್ತೆ ನೆಟ್ ಹಿಡಿಯೋಕೆ ಮೂರು ನಿಮಿಷ. ಅದಕ್ಕೆ ರೂಟರ್‌ಗೆ ಒಂದು ಮಿನಿ ಯುಪಿಎಸ್ ಹಾಕಿ, ಸಾವಿರದಿಂದ ಎರಡು ಸಾವಿರದೊಳಗೆ ಬರುತ್ತೆ. ಅದರ ಮೇಲೆ 10,000 ಎಂಎಎಚ್ ಅಂತ ಇದ್ರೆ ಮೋಸಹೋಗಬೇಡಿ, ಅದು 3.7 ವೋಲ್ಟ್ ಲೆಕ್ಕ. ಅಂದ್ರೆ 37 ವ್ಯಾಟ್ ಅವರ್, ನಷ್ಟ ಕಳೆದು ಕೈಗೆ ಸಿಗೋದು ಮೂವತ್ತು. 8 ವ್ಯಾಟ್ ತಿನ್ನೋ ರೂಟರ್‌ಗೆ ಮೂರೂವರೆ ಗಂಟೆ.

ಬ್ಯಾಟರಿ ಗಟ್ಟಿ ಇದ್ಯಾ ಅಂತ ನೋಡೋದು ಹೀಗೆ: ಒಂದು ರಾತ್ರಿ ಪೂರ್ತಿ ಚಾರ್ಜ್ ಆದ ಮೇಲೆ ಆರೂ ಸೆಲ್‌ಗಳಿಗೂ ಹೈಡ್ರೋಮೀಟರ್ (ಆಸಿಡ್ ಸಾಂದ್ರತೆ ಅಳೆಯೋ ಕೊಳವೆ) ಹಾಕಿ. 1.24ರ ಹತ್ತಿರ ಎಲ್ಲಾ ಒಂದೇ ಸಮ ಇದ್ರೆ ಚೆನ್ನಾಗಿದೆ. ಐದು ಸೆಲ್ಲು 1.23, ಒಂದು ಮಾತ್ರ 1.17 ಅಂದ್ರೆ ಆ ಸೆಲ್ ಹೋಗಿದೆ, ವಾರಂಟಿ ಕಾರ್ಡ್ ಹುಡುಕಿ. ಡಿಸ್ಟಿಲ್ಡ್ ವಾಟರ್ ಎರಡು ಮೂರು ತಿಂಗಳಿಗೊಮ್ಮೆ, ಫ್ಲೋಟ್‌ನ ಕೆಂಪು ಗೆರೆ ಮುಟ್ಟೋ ಮುಂಚೆ. ಬೋರ್‌ವೆಲ್ ನೀರು, ಮಳೆ ನೀರು, ಫಿಲ್ಟರ್ ನೀರು ಯಾವುದೂ ಬೇಡ. ಫಿಲ್ಟರ್ ನೀರೂ ಬೇಡ ಅಂತ ಎರಡು ಸಲ ಹೇಳಿದ್ರೂ ಅದನ್ನೇ ಹಾಕೋರು ಇದ್ದಾರೆ!

ಕೊನೇದಾಗಿ, 230 ವೋಲ್ಟ್‌ಗೆ ಶೇಕಡಾ 6 ಹೆಚ್ಚುಕಮ್ಮಿ, ಅಂದ್ರೆ 216ರಿಂದ 244, ಇದು ಮನೆಗೆ ಬರಬೇಕಾದ ವೋಲ್ಟೇಜು. ಪ್ಲಗ್ಗಿಗೆ ಹಾಕೋ ಡಿಜಿಟಲ್ ವೋಲ್ಟ್‌ಮೀಟರ್ ತಗೊಂಡು ಒಂದು ವಾರ ಸಂಜೆ 6, 7, 8, 9ಕ್ಕೆ ಬರೆದಿಡಿ. ಎದುರುಮನೆ ಬೇರೆ ಫೇಸ್‌ನಲ್ಲಿ, ಅಂದ್ರೆ ಕಂಬದ ಮೂರು ಕರೆಂಟ್ ತಂತಿಗಳಲ್ಲಿ ಬೇರೊಂದರಲ್ಲಿ ಇದ್ದು ಅಲ್ಲಿ 215 ಬರ್ತಾ ಇದ್ರೆ, ನಿಮ್ಮ ಫೇಸ್ ಮೇಲೆ ಮಾತ್ರ ಮನೆಗಳು ಜಾಸ್ತಿ ಬಿದ್ದಿವೆ ಅಂತ ಅರ್ಥ. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಳ್ಳಿ, ಆ ಪಟ್ಟಿ ಹಿಡ್ಕೊಂಡು ಚೆಸ್ಕಾಂ ಸೆಕ್ಷನ್ ಆಫೀಸಿಗೆ ಬರಹದಲ್ಲಿ ಕೊಡಿ. "ಲೋ ವೋಲ್ಟೇಜು" ಅಂತ ಬಾಯಲ್ಲಿ ಹೇಳೋದಕ್ಕೂ "ಏಳೂವರೆಗೆ 168" ಅಂತ ಬರೆದುಕೊಡೋದಕ್ಕೂ ಬಹಳ ವ್ಯತ್ಯಾಸ ಇದೆ. ಕಂಬದಲ್ಲಿ ಫೇಸ್ ಬದಲಾಯಿಸೋದು ಲೈನ್‌ಮನ್ ಕೆಲಸ, ಊರಿನ ಯಾರೋ ಹತ್ತಿ ಮಾಡೋದಲ್ಲ.

ಕಂಬದ_ಕೇಬಲ್:

ನೆಟ್ ವಿಚಾರ ಮಾತ್ರ ಹೇಳ್ತೀನಿ. ನಿಮ್ಮ ಆಪರೇಟರ್‌ನ ಒಂದೇ ಪ್ರಶ್ನೆ ಕೇಳಿ: "ನಮ್ಮನೆಗೂ ನಿಮ್ಮ ಆಫೀಸಿಗೂ ನಡುವೆ ಕರೆಂಟ್ ಬೇಕಾದ ಸ್ವಿಚ್ ಇದ್ಯಾ, ಬರೀ ಸ್ಪ್ಲಿಟರ್ರಾ?" ಸ್ಪ್ಲಿಟರ್ ಅಂದ್ರೆ ಒಂದು ಫೈಬರನ್ನ ಹಲವು ಮನೆಗೆ ಹಂಚೋ ಡಬ್ಬಿ, ಅದಕ್ಕೆ ಕರೆಂಟ್ ಬೇಡ. ಕಂಬದ ಮೇಲೋ ಯಾರದೋ ಅಂಗಡಿ ಅಟ್ಟದ ಮೇಲೋ ಸ್ವಿಚ್ ಪೆಟ್ಟಿಗೆ ಇಟ್ಟಿದ್ರೆ, ಅದರ ಬ್ಯಾಟರಿ ಮುಗಿದ ತಕ್ಷಣ ನಿಮ್ಮ ನೆಟ್ಟೂ ಮುಗೀತು. "ಸ್ವಲ್ಪ ಹೊತ್ತಿಗೆ ಹೋಗುತ್ತೆ" ಅಂದ್ರಲ್ಲ, ಅದು ಇದೇ. ಆ ಪೆಟ್ಟಿಗೆ ಎಲ್ಲಿದೆ ಅಂತ ತಿಳ್ಕೊಂಡು, ಅದರಿಂದ ನೆಟ್ ಪಡೆಯೋ ನಾಲ್ಕೈದು ಮನೆಯವರು ಸೇರಿ ಬ್ಯಾಟರಿ ಬದಲಾಯಿಸಿ ಅಂತ ಕೇಳಿದ್ರೆ ಆಗುತ್ತೆ. ಒಬ್ಬರೇ ಕೇಳಿದ್ರೆ ನಾಳೆ ನಾಳೆ ಅಂತಾರೆ.

ನಿಮ್ಮ ಮನೆಯ ಫೈಬರ್ ಪೆಟ್ಟಿಗೆಯ ದೀಪಗಳನ್ನ ಓದೋದು ಕಲೀರಿ. ಪಾನ್ (PON) ಅನ್ನೋದು ಹಸಿರಾಗಿ ನಿಂತಿದ್ದು ನೆಟ್ ಇಲ್ಲ ಅಂದ್ರೆ ತೊಂದರೆ ಆಪರೇಟರ್ ಕಡೆ. ಲಾಸ್ (LOS) ಅನ್ನೋದು ಕೆಂಪಗೆ ಮಿಣಮಿಣ ಅಂದ್ರೆ ಫೈಬರ್ ತುಂಡಾಗಿದೆ ಅಥವಾ ಎಲ್ಲೋ ಮಡಚಿದೆ. ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಅಂತ ಸಿಗುತ್ತೆ. ಮೈನಸ್ 18ರಿಂದ ಮೈನಸ್ 24 ಡಿಬಿಎಂ ಇದ್ರೆ ಆರಾಮ, ಮೈನಸ್ 27 ದಾಟಿದ್ರೆ ನೆಟ್ ಬಂದು ಹೋಗಿ ಮಾಡುತ್ತೆ. ಬಹಳ ಮನೇಲಿ ತಪ್ಪು ಇರೋದು ಕಿಟಕಿ ಹತ್ರ: ಹಳದಿ ತಂತಿಯನ್ನ ಕಿಟಕಿ ಬಾಗಿಲ ಸಂದಿಗೆ ಸಿಕ್ಕಿಸಿರ್ತಾರೆ, ಇಲ್ಲಾ ಉಳಿದಿದ್ದನ್ನ ಬೆರಳಿಗೆ ಸುತ್ತಿದ ಹಾಗೆ ಸುತ್ತಿ ಮೊಳೆಗೆ ನೇತುಹಾಕಿರ್ತಾರೆ. ಸುರುಳಿ ಅಂಗೈ ಅಗಲಕ್ಕಿಂತ ಚಿಕ್ಕದಾಗಬಾರದು. ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಲೋಡಿಗೆ ಸಿಕ್ಕಿ ರಸ್ತೆ ಮೇಲಿನ ತಂತಿ ಹರಿಯೋದೂ ಇದ್ದದ್ದೇ, ದಾಟೋ ಜಾಗದಲ್ಲಿ ಎತ್ತರಿಸಿ ಕಟ್ಟಿಸಿ.

ಹಳೇ ಮನೆ ಮಣ್ಣಿನ ಗೋಡೆ ದಪ್ಪ ಇರುತ್ತೆ, 5 ಗಿಗಾಹರ್ಟ್ಸ್ ವೈಫೈ ಒಂದು ಗೋಡೆ ದಾಟೋದೇ ಕಷ್ಟ. ಕೆಲಸದ ಟೇಬಲ್ಲಿಗೆ ಕ್ಯಾಟ್ 6 ನೆಟ್‌ವರ್ಕ್ ತಂತಿ ಎಳೀರಿ, ನೂರು ಮೀಟರ್ ತನಕ ಏನೂ ಯೋಚನೆ ಇಲ್ಲ. ಬ್ಯಾಕಪ್‌ಗೆ ಬೇರೆ ಕಂಪನಿ ಸಿಮ್ಮು, ಫೋನನ್ನ ಯುಎಸ್‌ಬಿ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಕೊಡಿ, ಹಾಟ್‌ಸ್ಪಾಟಿಗಿಂತ ಸ್ಥಿರ, ಫೋನ್ ಚಾರ್ಜೂ ಆಗುತ್ತೆ. ವಿಡಿಯೊ ಕಾಲ್ ಗಂಟೆಗೆ ಒಂದು ಜಿಬಿ ಮೇಲೇ ತಿನ್ನುತ್ತೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ರೆ ಕ್ಯಾಮೆರಾ ಆಫ್ ಮಾಡಿ ಮಾತು ಮಾತ್ರ ಇಟ್ಕೊಳ್ಳಿ.

ಒಂಟಿಕೊಪ್ಪಲ್_ಸ್ಟ್ಯಾಂಡಪ್:

ಮೇಲಿನ ಇಬ್ಬರೂ ಹೇಳಿದ್ದು ಸರಿ. ನನ್ನ ಪ್ರಕಾರ ಎರಡನೇ ಕೆಲಸ ದಿನದ ಕೊನೆಯನ್ನ ಗಟ್ಟಿ ಮಾಡೋದು. ಶುರುವನ್ನಲ್ಲ, ಕೊನೆಯನ್ನ. ಬೆಳಿಗ್ಗೆ ಐದಕ್ಕೆ ಏಳಿ ಅನ್ನೋ ಉಪದೇಶ ಅಮೆರಿಕ ಶಿಫ್ಟಿನೋರಿಗೆ ಕೊಡೋರು ಯಾವತ್ತೂ ಆ ಶಿಫ್ಟ್ ಮಾಡಿರಲ್ಲ.

ಈಗ ನಿಮ್ಮ ದಿನ 10:30ರಿಂದ 11, ಹನ್ನೆರಡೂವರೆ ಗಂಟೆ. ಕ್ಲೈಂಟಿನ ಬೆಳಿಗ್ಗೆ 9 ಅಂದ್ರೆ ಅಮೆರಿಕದ ಬೇಸಿಗೆ ಸಮಯದಲ್ಲಿ (ಮಾರ್ಚ್‌ನಿಂದ ನವೆಂಬರ್ ತನಕ) ನಮ್ಮ ಸಂಜೆ 6:30. ಅವರ ಜೊತೆ ನಾಲ್ಕು ಗಂಟೆ ಸಿಕ್ಕರೆ ಬಹುತೇಕ ಪ್ರಾಜೆಕ್ಟಿಗೆ ಸಾಕು, ಅಂದ್ರೆ 10:30ಕ್ಕೆ ಮುಗೀಬೇಕು. ಹಿಂದಕ್ಕೆ ಎಣಿಸಿ: ಮಧ್ಯಾಹ್ನ 1ರಿಂದ 5:30, ಒಂದು ಗಂಟೆ ಪೂರ್ತಿ ಬಿಡುವು, ಮತ್ತೆ 6:30ರಿಂದ 10:30. ಎಂಟೂವರೆ ಗಂಟೆ ಆಯ್ತು. ಅಡ್ಡ ಬರೋದು ಬೆಳಿಗ್ಗಿನ ಆ ಒಂದು ಕಾಲ್. ಅದನ್ನ ತೆಗೆಸೋಕೆ ಮ್ಯಾನೇಜರ್ ಹತ್ರ ಸುಸ್ತಾಗುತ್ತೆ ಅಂತ ಹೇಳಬೇಡಿ. ಯಾವಾಗ ಸಿಗಲ್ಲ ಅನ್ನೋದಕ್ಕಿಂತ ಯಾವಾಗ ಸಿಗ್ತೀನಿ ಅಂತ ಬರೀರಿ: "ಸೋಮವಾರದಿಂದ ನನ್ನ ಸಮಯ 1ರಿಂದ 5:30, 6:30ರಿಂದ 10:30. ಟೀಮಿನ ಕಾಲನ್ನ 1:30ಕ್ಕೆ ಇಡಬಹುದಾ? ಆಗದಿದ್ರೆ ಹಿಂದಿನ ರಾತ್ರಿಯೇ ಮೂರು ಸಾಲಿನ ವರದಿ ಗ್ರೂಪಿಗೆ ಹಾಕ್ತೀನಿ. ಪ್ರೊಡಕ್ಷನ್ ನಿಂತರೆ ಯಾವ ಹೊತ್ತಿಗಾದ್ರೂ ಫೋನ್ ಮಾಡಿ." ಕೊನೇ ಸಾಲು ಮುಖ್ಯ, ಅದಿದ್ರೆ ಮಿಕ್ಕಿದ್ದಕ್ಕೆ ಒಪ್ಪೋದು ಸುಲಭ. ಒಪ್ಪಿದ ಮೇಲೆ ಕ್ಯಾಲೆಂಡರ್‌ನ ಕೆಲಸದ ಸಮಯ ಬದಲಾಯಿಸಿ, ಫೋನಿನಲ್ಲಿ ಚಾಟ್ ಆ್ಯಪ್‌ಗೆ ರಾತ್ರಿ 11ರಿಂದ ಮಧ್ಯಾಹ್ನ 12:30 ತನಕ ಸದ್ದು ನಿಲ್ಲಿಸಿ.

ಕಷ್ಟದ ಕೋಡು 1ರಿಂದ 4ರೊಳಗೆ, ಅಮೆರಿಕ ಇನ್ನೂ ಮಲಗಿರುತ್ತೆ, ಯಾರೂ ಕರೆಯಲ್ಲ. ರಿವ್ಯೂ, ಮಾತುಕತೆ, ಟಿಕೆಟ್ಟು ಸಂಜೆಗೆ. ಇಪ್ಪತ್ತೈದು ನಿಮಿಷದ ಟೈಮರ್ ಬಿಲ್ಲು, ಟಿಕೆಟ್ಟಿನಂಥ ಬಿಡಿ ಕೆಲಸಕ್ಕೆ ಸರಿ, ಕೋಡಿಗೆ ಸಾಲದು. ಸಮಸ್ಯೆ ತಲೆಗೆ ಹತ್ತೋಕೇ ಹದಿನೈದು ನಿಮಿಷ ಬೇಕು. ಐವತ್ತು ನಿಮಿಷ ಕೆಲಸ, ಹತ್ತು ನಿಮಿಷ ಎದ್ದು ಓಡಾಟ ಇಟ್ಕೊಳ್ಳಿ.

10:15ಕ್ಕೆ ಅಲಾರಂ. ಅರ್ಧ ಕೋಡನ್ನ ಅರ್ಧಕ್ಕೇ ಕಮಿಟ್ ಮಾಡಿ (ಇದ್ದ ಹಾಗೇ ಉಳಿಸಿಟ್ಟು), ನಾಳೆ ಮೊದಲು ತೆರೆಯಬೇಕಾದ ಫೈಲು, ಮಾಡಬೇಕಾದ ಒಂದು ಕೆಲಸ ಒಂದೇ ಸಾಲಲ್ಲಿ ಬರೀರಿ. "ಪೇಮೆಂಟ್ ಮಾಡ್ಯೂಲ್ ನೋಡು" ಅಂದ್ರೆ ಏನೂ ಬರೆದ ಹಾಗಲ್ಲ. "ರಿಫಂಡ್ ಟೆಸ್ಟ್ ಎರಡನೇದು ಫೇಲ್, ದಿನಾಂಕದ ಫಾರ್ಮ್ಯಾಟ್ ನೋಡು" ಅಂತಿರಬೇಕು. ಲ್ಯಾಪ್‌ಟಾಪ್ ಬ್ಯಾಗಿಗೆ, ಬ್ಯಾಗು ಬೀರುವಿಗೆ. ಟೇಬಲ್ ಮೇಲೆ ತೆರೆದಿಟ್ಟಿದ್ರೆ ಹನ್ನೊಂದೂವರೆಗೆ ಮತ್ತೆ ಕೂತೇ ಕೂರ್ತೀರಿ.

ಇನ್ನೊಂದು: ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಅವರ 9 ಗಂಟೆ ನಮಗೆ 7:30 ಆಗುತ್ತೆ, ನಿಮ್ಮ ಕೊನೆ 11:30ಕ್ಕೆ ಜಾರುತ್ತೆ. ಮಾರ್ಚ್ ಎರಡನೇ ಭಾನುವಾರ ವಾಪಸ್ಸು. ಮೀಟಿಂಗ್ ಕಳಿಸಿದೋರು ಅಮೆರಿಕದವರಾದ್ರೆ ನಮ್ಮ ಹೊತ್ತು ಬದಲಾಗುತ್ತೆ, ನಾವು ಕಳಿಸಿದ್ರೆ ಅವರದು ಬದಲಾಗುತ್ತೆ. ಆ ಸೋಮವಾರ ಅರ್ಧ ಟೀಮು ತಪ್ಪು ಹೊತ್ತಿಗೆ ಬಂದು ಕೂತಿರೋದು ಪ್ರತಿ ವರ್ಷದ ನಾಟಕ. ಅಕ್ಟೋಬರ್ ಕೊನೇ ವಾರವೇ ಕೇಳಿ ಇಟ್ಕೊಳ್ಳಿ.

ವಿಸಿ_ನಾಲೆ_ಏರಿ:

ಸ್ವಿಚ್ ನೋಡಿದೆ, ಯುಪಿಎಸ್ ಕಡೆಗೇ ಇತ್ತು. ವೈಡ್ ಮಾಡಿದೀನಿ. ಒಂಟಿಕೊಪ್ಪಲ್ ಸರ್, ಲೆಕ್ಕ ಚೆನ್ನಾಗಿದೆ, ಆದ್ರೆ ಡೈರಿ ಬೆಳಿಗ್ಗೆ ಆರೂವರೆಗೆ. ಚಳಿಗಾಲದಲ್ಲಿ 11:30ಕ್ಕೆ ಮುಗಿದ್ರೆ ನಿದ್ದೆ ಎಷ್ಟು ಬಂತು? ಮನೆ ಕೆಲಸ ಬೇಡ ಅನ್ನೋಕೂ ಆಗಲ್ಲ, ಅಪ್ಪಂಗೆ ವಯಸ್ಸಾಗಿದೆ.

ಒಂಟಿಕೊಪ್ಪಲ್_ಸ್ಟ್ಯಾಂಡಪ್:

ಬೇಸಿಗೆ ಸಮಯದಲ್ಲಿ 11:15ಕ್ಕೆ ಮಲಗಿ ಆರೂಕಾಲಿಗೆ ಎದ್ರೆ ಏಳು ಗಂಟೆ ಸಿಗುತ್ತೆ. ನವೆಂಬರ್‌ನಿಂದ ಮಾರ್ಚ್ ತನಕ ಹೊಂದಲ್ಲ. ಆ ನಾಲ್ಕು ತಿಂಗಳು ಡೈರಿಯ ಬೆಳಗಿನ ಪಾಳಿ ಬೇರೆಯವರಿಗೆ, ಸಂಜೆ ಪಾಳಿ ನಿಮ್ಮ 5:30ರ ಬಿಡುವಿನಲ್ಲಿ ಅಂತ ಈಗಲೇ ಮನೇಲಿ ಮಾತಾಡಿ. ಅದೂ ಆಗಲ್ಲ ಅಂದ್ರೆ ಕ್ಲೈಂಟಿನ ಜೊತೆಗಿನ ಹೊತ್ತನ್ನ ಮೂರು ಗಂಟೆಗೆ ಇಳಿಸಿ, ಮಧ್ಯಾಹ್ನ 12ಕ್ಕೇ ಶುರು ಮಾಡಿ. ಎರಡೂ ಬಿಟ್ಟು ನಿದ್ದೆಯನ್ನ ಐದೂವರೆ ಗಂಟೆಗೆ ಇಳಿಸಿ ಸರಿದೂಗಿಸ್ತೀನಿ ಅನ್ನೋದು ಜನವರಿ ತನಕ ನಡೆಯುತ್ತೆ, ಆಮೇಲೆ ಕೋಡಿನಲ್ಲಿ ಕಾಣುತ್ತೆ.

ಸರಸ್ವತಿಪುರಂ_ಫಿಸಿಯೋ:

ಹೆಗಲು ಹಿಡಿಯೋದಕ್ಕೆ ಟೇಬಲ್ ಎತ್ತರವೇ ಕಾರಣ ಅಂತ ಅಳೆದು ನೋಡಿದ್ರೆ ಗೊತ್ತಾಗುತ್ತೆ. ಊಟದ ಟೇಬಲ್ ಸಾಮಾನ್ಯವಾಗಿ 30 ಇಂಚು, ಕುರ್ಚಿ 18 ಇಂಚು. ಐದೂವರೆ ಅಡಿ ಎತ್ತರದೋರಿಗೆ ಆ ಕುರ್ಚಿಯಲ್ಲಿ ಮೊಣಕೈ ಬರೋದು 27 ಇಂಚಿನ ಹತ್ತಿರ. ಕೀಬೋರ್ಡ್ ಮೂರು ಇಂಚು ಮೇಲಿದೆ. ಕೈ ಅಷ್ಟು ಎತ್ತಿ ಹಿಡಿಯೋ ಕೆಲಸವನ್ನ ದಿನಪೂರ್ತಿ ಹೆಗಲ ಮೇಲಿನ ಸ್ನಾಯು ಮಾಡುತ್ತೆ. ಮೌಸ್ ಹಿಡಿಯೋದು ಬಲಗೈ ಆದ್ದರಿಂದ ನೋವೂ ಬಲಗಡೆ.

ಟೇಬಲ್ ಕಾಲು ಕುಯ್ಯೋಕಾಗಲ್ಲ, ಹಾಗಾಗಿ ನೀವು ಮೇಲೆ ಬನ್ನಿ. ಮೂರು ಇಂಚಿನ ಗಟ್ಟಿ ದಿಂಬು ಕುರ್ಚಿಗೆ. ತೆಂಗಿನ ನಾರಿನದು ಸರಿ, ಹತ್ತಿ ದಿಂಬು ವಾರಕ್ಕೆಲ್ಲ ಒಂದಿಂಚಿಗೆ ಕೂತುಬಿಡುತ್ತೆ. ಈಗ ಕಾಲು ನೇತಾಡುತ್ತೆ, ತೊಡೆ ಹಿಂಭಾಗ ಒತ್ತುತ್ತೆ. ಅಡುಗೆಮನೆಯ ಮಣೆ ಒಂದನ್ನ ಪಾದದ ಕೆಳಗಿಡಿ, ಅದೂ ಎರಡರಿಂದ ಮೂರು ಇಂಚೇ ಇರುತ್ತೆ, ಇದಕ್ಕಂತಲೇ ಮಾಡಿದ ಹಾಗೆ. ಬೆನ್ನಿನ ಕೆಳಭಾಗಕ್ಕೆ, ಸೊಂಟದ ಪಟ್ಟಿ ಬರೋ ಜಾಗದಲ್ಲಿ, ಒಂದು ಬಾತ್ ಟವಲ್ ಸುತ್ತಿ ಇಡಿ.

ಲ್ಯಾಪ್‌ಟಾಪನ್ನೇ ನೋಡ್ತಾ ಟೈಪ್ ಮಾಡಿದ್ರೆ ಕತ್ತು ಅಥವಾ ಕೈ ಯಾವುದಾದ್ರೂ ಒಂದು ತಪ್ಪು ಎತ್ತರದಲ್ಲೇ ಇರುತ್ತೆ. ನಿಮಗೆ ಮಾನಿಟರ್ ಇದೆ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಬರೋ ಹಾಗೆ ಎತ್ತರಿಸಿ, ಒಂದು ತೋಳಿನ ದೂರದಲ್ಲಿ. ಬೇರೆ ಕೀಬೋರ್ಡು, ಮೌಸು ಇಲ್ಲದಿದ್ರೆ ಅದನ್ನೇ ಮೊದಲು ಕೊಳ್ಳಿ, ಕುರ್ಚಿ ಆಮೇಲೆ. ಹತ್ತು ಸಾವಿರದ ಕುರ್ಚೀಲಿ ಕೂತು ತಪ್ಪು ಎತ್ತರದ ಟೇಬಲ್ಲಿಗೆ ಕೈ ಇಟ್ಟರೆ ನೋವು ಹಾಗೇ ಇರುತ್ತೆ. ಕಿಟಕಿ ಪಕ್ಕಕ್ಕೆ ಇರಲಿ, ಬೆನ್ನ ಹಿಂದಿದ್ರೆ ಪರದೆ ಮೇಲೆ ಹೊಳೆಯುತ್ತೆ, ಎದುರಿದ್ರೆ ಕಣ್ಣು ಕುಕ್ಕುತ್ತೆ.

ಕಣ್ಣಿಗೆ, ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಗಿನದನ್ನ ಇಪ್ಪತ್ತು ಸೆಕೆಂಡು ನೋಡಿ. ಹಳ್ಳಿ ಮನೇಲಿ ಬಾಗಿಲಾಚೆ ನೋಡಿದ್ರೆ ಸಾಕು, ಮೈಸೂರಿನ ಅಪಾರ್ಟ್‌ಮೆಂಟಿನೋರಿಗೆ ಎದುರು ಗೋಡೆ ಹತ್ತಡಿಗೇ ಸಿಗುತ್ತೆ, ಪಾಪ.

ಊಟ: ದೊಡ್ಡ ಮುದ್ದೆ ಉಂಡು 1ಕ್ಕೆ ಕೂತ್ರೆ ಕಷ್ಟದ ಕೆಲಸದ ಹೊತ್ತೆಲ್ಲ ತೂಕಡಿಕೆಗೆ ಹೋಗುತ್ತೆ. 12ಕ್ಕೆ ಚಿಕ್ಕ ಮುದ್ದೆ, ಸೊಪ್ಪಿನ ಸಾರು, ಹತ್ತು ನಿಮಿಷ ನಾಲೆ ಏರಿ ಮೇಲೆ ನಡಿಗೆ, ಆಮೇಲೆ ಕೂತ್ಕೊಳ್ಳಿ. ರಾತ್ರಿ ಊಟವನ್ನ 10:30ರ ತನಕ ಎಳೀಬೇಡಿ, ಆರೂವರೆಗೆ ಮುಂಚೆ ಏನಾದ್ರೂ ಗಟ್ಟಿಯಾಗಿ ತಿಂದು 8:30ರ ಸುಮಾರಿಗೆ ಹತ್ತು ನಿಮಿಷ ತಗೊಂಡು ಊಟ ಮುಗಿಸಿ. ಕಾಫಿ ಸಂಜೆ 5ರ ಮೇಲೆ ಬೇಡ. ಕುಡಿದ ಕೆಫೀನ್ ಅರ್ಧಕ್ಕಿಳಿಯೋಕೇ ಸುಮಾರು ಐದು ಗಂಟೆ ಬೇಕು, ಏಳಕ್ಕೆ ಕುಡಿದದ್ದು ಹನ್ನೆರಡಕ್ಕೂ ಅರ್ಧ ಒಳಗೇ ಇರುತ್ತೆ.

ಬೆರಳು ಜೋಮು ಹಿಡಿಯೋದು, ಕೈಯಲ್ಲಿ ಬಲ ಕಮ್ಮಿಯಾಗೋದು, ರಾತ್ರಿ ನೋವಿಗೆ ಎಚ್ಚರ ಆಗೋದು ಇದ್ರೆ ದಿಂಬು ಮಣೆ ಪ್ರಯೋಗ ಬಿಟ್ಟು ಡಾಕ್ಟರಿಗೆ ತೋರಿಸಿ.

ಗೋಕುಲಂ_ಪೇರೋಲ್:

ಒಂಟಿಕೊಪ್ಪಲ್ ಅವರ ಟೈಮ್‌ಟೇಬಲ್ ಚೆಂದ, ಆದ್ರೆ ಅದು ಬೇರೆ ಯಾರೋ ಅಡುಗೆ ಮಾಡೋ ಮನೆಗೆ ಹೊಂದೋದು. ಸಂಜೆ ಆರೂವರೆಯಿಂದ ಹತ್ತೂವರೆ ಅಂದ್ರೆ ಒಲೆ ಮುಂದಿನ ಹೊತ್ತು. ಇದನ್ನ ಓದ್ತಿರೋ ಹೆಂಗಸರಿಗೆ ಹೇಳ್ತಿದೀನಿ: ಸಾರು, ಪಲ್ಯ ಮಧ್ಯಾಹ್ನ ಹನ್ನೆರಡರೊಳಗೆ ಎರಡು ಹೊತ್ತಿಗೂ ಆಗಿಬಿಡಲಿ, 5:30ರ ಬಿಡುವಲ್ಲಿ ಅಕ್ಕಿ ತೊಳೆದಿಟ್ಟು ಚಪಾತಿ ಹಿಟ್ಟು ಕಲೆಸಿಡಿ. ಎಂಟಕ್ಕೆ ಕುಕ್ಕರ್ ಹತ್ತಿಸೋದು, ಚಪಾತಿ ಬೇಯಿಸೋದು ಮನೇಲಿ ಯಾರ ಪಾಲು ಅನ್ನೋದನ್ನ ಹೆಸರು ಹಿಡಿದು ತೀರ್ಮಾನ ಮಾಡಿ. "ಯಾರಾದ್ರೂ ಮಾಡ್ಕೊಳ್ಳಿ" ಅಂದ್ರೆ ಕಾಲ್ ಮ್ಯೂಟ್ ಮಾಡ್ಕೊಂಡು ನೀವೇ ಮಾಡ್ತೀರಿ. ಎಲೆಕ್ಟ್ರಿಕ್ ಕುಕ್ಕರ್ 700 ವ್ಯಾಟ್, ಅದು ಇನ್ವರ್ಟರ್ ಪಾಯಿಂಟಿಗೆ ಬೇಡ.

ಪ್ರಶ್ನೆ ಕೇಳಿದೋರಿಗೆ: "ಮನೇಲೇ ಇದ್ದೀಯಲ್ಲ" ಅನ್ನೋದಕ್ಕೆ ವಾದ ಮಾಡಿ ಗೆಲ್ಲೋಕಾಗಲ್ಲ. ಅಪ್ಪ ಅಮ್ಮನ ಪ್ರಕಾರ ಲ್ಯಾಪ್‌ಟಾಪ್ ಮುಂದೆ ಸುಮ್ಮನೆ ಕೂತಿರೋನು ಬಿಡುವಾಗಿರೋನೇ. ನಿಮಗೊಂದು ಅನುಕೂಲ ಇದೆ ನೋಡಿ, ಆ 10:30ರ ಕಾಲ್ ಮುಂದೆ ಹೋದ್ರೆ ಬೆಳಿಗ್ಗೆ ಖಾಲಿ. ಬ್ಯಾಂಕು ತೆರೆಯೋದು ಹತ್ತಕ್ಕೆ, ನಾಡಕಚೇರೀನೂ ಆ ಹೊತ್ತಿಗೇ. ವಾರದಲ್ಲಿ ಒಂದು ದಿನ, ಬುಧವಾರ ಅಂತಿಟ್ಕೊಳ್ಳಿ, 10ರಿಂದ 12 ಹೊರಗಿನ ಕೆಲಸದ ದಿನ. ಅಡುಗೆಮನೆ ಕ್ಯಾಲೆಂಡರ್ ಪಕ್ಕ ಒಂದು ಚೀಟಿ ನೇತುಹಾಕಿ, ಪಹಣಿ, ಪಾಸ್‌ಬುಕ್, ಗೊಬ್ಬರ, ಸಿಲಿಂಡರ್ ಏನೇ ಇದ್ರೂ ಅದರಲ್ಲಿ ಬರೀಲಿ. ಶನಿವಾರಕ್ಕೆ ಇಡಬೇಡಿ, ಎರಡನೇ, ನಾಲ್ಕನೇ ಶನಿವಾರ ಬ್ಯಾಂಕ್ ರಜ. ಮೊದಲ ಎರಡು ಬುಧವಾರ ತಪ್ಪದೆ ಹೋಗಿಬಂದ್ರೆ ಆಮೇಲೆ ಶುಕ್ರವಾರ ಕೇಳಿದಾಗ "ಬುಧವಾರಕ್ಕೆ ಬರೀರಪ್ಪ" ಅನ್ನೋದಕ್ಕೆ ಬಾಯಿ ಇರುತ್ತೆ. ಒಂದು ಸಲ ತಪ್ಪಿಸಿದ್ರೆ ಚೀಟಿಗೆ ಬೆಲೆ ಹೋಯ್ತು.

ಕಾಲ್‌ನಲ್ಲಿದೀರಾ ಇಲ್ವಾ ಅನ್ನೋದು ಬಾಗಿಲಿಂದಲೇ ಗೊತ್ತಾಗಬೇಕು. ಚಿಲಕಕ್ಕೆ ಟವಲ್ ಕಟ್ಟಿದ್ರೆ ಕಾಲ್, ಇಲ್ಲದಿದ್ರೆ ಬರಬಹುದು. ಎಂಟು ಗಂಟೆ ಪೂರ್ತಿ ಟವಲ್ ಕಟ್ಟಿಟ್ರೆ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ, ನಿಜವಾದ ಕಾಲಿಗೆ ಮಾತ್ರ. ಮಿಕ್ಸಿ, ಕುಕ್ಕರ್, ಟಿವಿ ಧಾರಾವಾಹಿ ಸದ್ದಿಗೆ, ಬಾಯಿ ಹತ್ರ ಮೈಕ್ ಕಡ್ಡಿ ಬರೋ ಯುಎಸ್‌ಬಿ ಹೆಡ್‌ಸೆಟ್ ಸಾಕು. ಕತ್ತಿಗೆ ಹಾಕೋ ಬ್ಲೂಟೂತ್‌ನಲ್ಲಿ ಮೈಕ್ ದೂರ, ಮನೆಯ ಸದ್ದೆಲ್ಲ ಕ್ಲೈಂಟಿಗೆ ಹೋಗುತ್ತೆ.

ಗೃಹಜ್ಯೋತಿ ಇರೋರು ಮೀಟರ್ ಮೇಲೂ ಕಣ್ಣಿಡಿ. ಲ್ಯಾಪ್‌ಟಾಪ್, ಮಾನಿಟರ್ ಸೇರಿ 85 ವ್ಯಾಟ್, ದಿನಕ್ಕೆ 9 ಗಂಟೆ, ತಿಂಗಳಿಗೆ 22 ದಿನ ಅಂದ್ರೆ 17 ಯೂನಿಟ್. ಫ್ಯಾನ್ 15, ದಿನಪೂರ್ತಿ ಉರಿಯೋ ರೂಟರ್ 9. ವರ್ಕ್ ಫ್ರಂ ಹೋಮ್ ಅಂತಲೇ ತಿಂಗಳಿಗೆ 40 ಯೂನಿಟ್ ಏರುತ್ತೆ. ನಿಮ್ಮ ಅರ್ಹತೆಯ ಯೂನಿಟ್ ಮೀರಿದ್ರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು, 200 ದಾಟಿದ್ರೆ ಪೂರ್ತಿ ಬಿಲ್ಲು. ದಿನಕ್ಕೆ ನಾಲ್ಕು ಗಂಟೆ ಎಸಿ ಹಾಕಿದ್ರೆ ಅದೊಂದೇ ನೂರು ಯೂನಿಟ್ ತಿನ್ನುತ್ತೆ.

ಟ್ಯೂಬುಲರ್_ನಂಜುಮಳಿಗೆ:

ಮೇಡಂ ಲೆಕ್ಕಕ್ಕೆ ಒಂದು ಸೇರಿಸ್ತೀನಿ. ಆ ಹಳೇ 75 ವ್ಯಾಟ್ ಫ್ಯಾನ್ ತೆಗೆದು ಬಿಎಲ್‌ಡಿಸಿ (ಕಮ್ಮಿ ಕರೆಂಟ್ ತಿನ್ನೋ ಮೋಟರಿನ ಫ್ಯಾನ್) ಹಾಕಿದ್ರೆ 30 ವ್ಯಾಟ್. ಯೂನಿಟ್ 15ರಿಂದ 6ಕ್ಕೆ ಬರುತ್ತೆ, ಬ್ಯಾಟರಿ ಮೇಲೆ ಒಂದು ಗಂಟೆ ಚಿಲ್ಲರೆ ಹೆಚ್ಚಿಗೆ ಓಡುತ್ತೆ. ಇನ್ನೊಂದು ಬ್ಯಾಟರಿ ಕೊಳ್ಳೋ ಯೋಚನೆ ಇದ್ರೆ ಅದಕ್ಕೂ ಮುಂಚೆ ಇದನ್ನ ಮಾಡಿ. ವ್ಯಾಪಾರದೋನಾಗಿ ನಾನೇ ಹೇಳ್ತಿದೀನಿ.

ವಿಸಿ_ನಾಲೆ_ಏರಿ:

ಎಲ್ಲರಿಗೂ ಧನ್ಯವಾದ. ಮಿನಿ ಯುಪಿಎಸ್ ಕೊಳ್ಳೋಕೆ ಹೊರಟಿದೀನಿ. ಫೈಬರ್ ಪೆಟ್ಟಿಗೆ, ರೂಟರ್ ಬೇರೆ ಬೇರೆ ಇವೆ. ಒಂದೇ ಯುಪಿಎಸ್ ಎರಡಕ್ಕೂ ಆಗುತ್ತಾ? ಅದನ್ನ ಇನ್ವರ್ಟರ್ ಪಾಯಿಂಟಿಗೇ ಹಾಕಬಹುದಾ?

ಟ್ಯೂಬುಲರ್_ನಂಜುಮಳಿಗೆ:

ಇನ್ವರ್ಟರ್ ಪಾಯಿಂಟಿಗೇ ಹಾಕಿ, ಅದೇ ಸರಿ. ಎರಡಕ್ಕೂ ಆಗುತ್ತಾ ಅನ್ನೋದಕ್ಕೆ ಎರಡೂ ಅಡಾಪ್ಟರ್ ತಿರುಗಿಸಿ ಔಟ್‌ಪುಟ್ ಸಾಲು ಓದಿ. ಎರಡೂ 12 ವೋಲ್ಟ್ ಇದ್ದು, ಒಂದು 1 ಆಂಪಿಯರ್, ಇನ್ನೊಂದು 1 ಅಥವಾ ಅದಕ್ಕಿಂತ ಕಮ್ಮಿ ಇದ್ರೆ, 2 ಆಂಪಿಯರ್ ಕೊಡೋ ಮಿನಿ ಯುಪಿಎಸ್‌ಗೆ ಎರಡು ಬಾಯಿಯ ತಂತಿ ಹಾಕಬಹುದು. ಬ್ಯಾಕಪ್ ಎರಡು ಗಂಟೆಗೆ ಇಳಿಯುತ್ತೆ, ನಿಮಗೆ ಬೇಕಾಗಿರೋದು ಇನ್ವರ್ಟರ್‌ಗೆ ಹಾರೋ ಆ ಕ್ಷಣ ಮಾತ್ರ ಆದ್ದರಿಂದ ಪರವಾಗಿಲ್ಲ. ಒಟ್ಟು 2 ಆಂಪಿಯರ್ ದಾಟಿದ್ರೆ ಎರಡು ಬೇರೆ ಬೇರೆ ತಗೊಳ್ಳಿ, ಇಲ್ಲದಿದ್ರೆ ಬ್ಯಾಟರಿಗೆ ಬಂದ ತಕ್ಷಣ ಎರಡೂ ರೀಸ್ಟಾರ್ಟ್ ಆಗ್ತವೆ. ಒಂದು 9 ವೋಲ್ಟ್ ಇದ್ರೆ ಅದನ್ನ 12ರ ತಂತಿಗೆ ಚುಚ್ಚಲೇಬೇಡಿ, ಪಿನ್ ಒಂದೇ ಅಳತೆಯದಾಗಿರುತ್ತೆ, ಸುಮ್ಮನೆ ಒಳಗೆ ಹೋಗುತ್ತೆ, ಪೆಟ್ಟಿಗೆ ಸುಟ್ಟುಹೋಗುತ್ತೆ. ಪಿನ್ನಿನ ಹೊರ ಅಳತೆ ಸಾಮಾನ್ಯವಾಗಿ 5.5 ಮಿಲಿಮೀಟರ್, ಒಳಗಿನ ತೂತು 2.1 ಅಥವಾ 2.5. 2.5ರ ಪ್ಲಗ್ಗು 2.1ರ ಸಾಕೆಟ್ಟಿಗೆ ಸಡಿಲವಾಗಿ ಕೂತು, ಟೇಬಲ್ ಅಲ್ಲಾಡಿದಾಗಲೆಲ್ಲ ನೆಟ್ ಹೋಗುತ್ತೆ. ಅಡಾಪ್ಟರ್ ಎರಡನ್ನೂ ಜೇಬಲ್ಲಿ ಹಾಕ್ಕೊಂಡೇ ಅಂಗಡಿಗೆ ಹೋಗಿ, ಅಲ್ಲೇ ಚುಚ್ಚಿ ನೋಡಿ ತಗೊಳ್ಳಿ.